ಅಕ್ಕನ ಕಲ್ಲುಗಿಡ

ಡಿಸೆಂಬರ್ 2, ಮಧ್ಯಾಹ್ನ

ಮತ್ತೆ ಲೇಟು. ಅಕ್ಕನಿಗೆ ಹಲ್ಲುಜ್ಜಿಸಿ, ಮುಖ ಒರೆಸಿ, ಸ್ವೆಟರಿನ ಗುಂಡಿ ಹಾಕಿ, ಹಾಲಿನಲ್ಲಿ ಬ್ರೆಡ್ ನೆನೆಸಿ ತಿನ್ನಿಸಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿಯಾಗಿತ್ತು. ಆಯಾ ಬಂದದ್ದೂ ತಡ. "ಚಳಿ ಅಲ್ವೇನಮ್ಮಾ, ಹಾಸಿಗೆ ಬಿಡೋದೇ ಇಲ್ಲ" ಎಂದು ನಕ್ಕಳು. ನನ್ನ ಹಾಸಿಗೆ ಮಾತ್ರ ಬೆಳಗಾಗುವ ಮುಂಚೆಯೇ ನನ್ನನ್ನು ಒದ್ದು ಎಬ್ಬಿಸುತ್ತದೆ. ಹೇಳಲಿಲ್ಲ. ಹೇಳಿದರೆ ನಾಳೆಯಿಂದ ಅವಳೂ ಇಲ್ಲ.

ಕನ್ನಡಕದ ಅಂಗಡಿಯಲ್ಲಿ ಮಾಲೀಕರು ಗಡಿಯಾರ ನೋಡಿದರು. ನನ್ನನ್ನು ನೋಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಈಗ ಕಣ್ಣು ಪರೀಕ್ಷೆಯ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ದೀಪ ಆರಿಸಿದ್ದೇನೆ — ಒಳಗೆ ಗಿರಾಕಿ ಇದ್ದಾರೆ ಅಂದುಕೊಳ್ಳಲಿ. ಅಕ್ಷರದ ಬೋರ್ಡಿನ ಬೆಳಕು ಸಾಕು. ಬೆಳಗ್ಗಿನಿಂದ ಅದೇ ಪ್ರಶ್ನೆ. "ಇದು ಚೆನ್ನಾಗಿ ಕಾಣುತ್ತಾ, ಅದಾ?" ಗಾಜು ಬದಲಿಸು, ಮತ್ತೆ ಕೇಳು. ಒಬ್ಬ ಅಜ್ಜ ಪ್ರತಿ ಗಾಜಿಗೂ "ಎರಡೂ ಒಂದೇ ಥರ" ಅಂದರು. ನಗುನಗುತ್ತ ಕಾದೆ. ಹೊರಗಿನವರ ಮುಂದೆ ನನ್ನ ತಾಳ್ಮೆಗೆ ಕೊನೆಯೇ ಇಲ್ಲ. ಮನೆ ಮುಟ್ಟುವಷ್ಟರಲ್ಲಿ ಅದು ಖರ್ಚಾಗಿರುತ್ತದೆ.

ಸೊಂಟ ಬಿದ್ದುಹೋಗಿದೆ. ಗಿರಾಕಿ ಬಂದರು. ಸಾಕು.

ಡಿಸೆಂಬರ್ 5

ತಮ್ಮ ಬಂದಿದ್ದ. ಅಕ್ಕನ ಫ್ಯಾಕ್ಟರಿಯವರು ಅವಳ ಮೇಜು ಖಾಲಿ ಮಾಡಿ ಕೊಟ್ಟ ರಟ್ಟಿನ ಡಬ್ಬ ತಂದ. ಡಬ್ಬ ಬಾಗಿಲಲ್ಲೇ ಇಟ್ಟು "ದೊಡ್ಡಕ್ಕ ಹೇಗಿದಾಳೆ?" ಎಂದು ನನ್ನನ್ನೇ ಕೇಳಿದ. ಅಕ್ಕ ಅಲ್ಲೇ ಕುರ್ಚಿಯಲ್ಲಿ ಕೂತಿದ್ದಳು.

ಒಂದು ಟೀ ಕಪ್ಪು. ಒಂದು ಶಾಲು. ಓದುವ ಕನ್ನಡಕ, ನಾನೇ ಮಾಡಿಸಿಕೊಟ್ಟದ್ದು. ಅಂಗೈಯಗಲದ ಒಂದು ಮಣ್ಣಿನ ಕುಂಡ, ಅದರ ತುಂಬ ಸಣ್ಣ ಜಲ್ಲಿ, ಮೇಲೆ ಬೂದು ಬಣ್ಣದ ಮೂರು ದುಂಡು ಕಲ್ಲು. ಇಷ್ಟೇ. ಇಷ್ಟು ವರ್ಷ ದುಡಿದದ್ದು ಒಂದು ಡಬ್ಬದಲ್ಲಿ ಹಿಡಿಸಿತು.

ಅಕ್ಕ ಮಾತ್ರೆ ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್. ಅಲ್ಲಿ ಗಾಳಿಯಲ್ಲಿ ತೇವ ಜಾಸ್ತಿಯಾದರೆ ಮಾತ್ರೆ ಹಾಳು. ಗೋಡೆಯ ಮೇಲೆ ತೇವ ಅಳೆಯುವ ಮೀಟರು. ಯಾರಾದರೂ ಒದ್ದೆ ಕೈಯಲ್ಲಿ ಒಳಗೆ ಬಂದರೆ ಅಕ್ಕನ ಗಂಟಲು ಮಷೀನುಗಳ ಸದ್ದನ್ನೂ ಮೀರಿ ಏಳುತ್ತಿತ್ತಂತೆ. ಮನೆಯಲ್ಲೂ ಅಷ್ಟೇ — ಅವಳು ಮಾತು ಶುರು ಮಾಡಿದರೆ ನಾವಿಬ್ಬರೂ ಗಪ್‌ಚಿಪ್. ಸ್ಟ್ರೋಕ್ ಆದ ಮೇಲೆ ಆ ಗಂಟಲಿನಿಂದ ಬರುವುದು "ಆ... ಆ..." ಅಷ್ಟೇ. ಬಲಗೈಯೂ ಆಡುವುದಿಲ್ಲ. ಬುದ್ಧಿ ಮಾತ್ರ ಹಾಗೇ ಇದೆ, ಎಲ್ಲ ಅರ್ಥವಾಗುತ್ತದೆ ಎಂದರು ಡಾಕ್ಟರು. ಅದನ್ನು ಸಮಾಧಾನಕ್ಕೆ ಹೇಳಿದರೋ ಏನೋ, ನನಗೆ ಇನ್ನಷ್ಟು ಭಯವಾಯಿತು.

ಆಸ್ಪತ್ರೆಯಿಂದ ನೇರ ನನ್ನ ಮನೆಗೇ ಕರೆತಂದೆ. ನನಗೂ ಗಂಡ ಮಕ್ಕಳ ಗೊಡವೆಯಿಲ್ಲ, ಅವಳಿಗೂ ಇಲ್ಲ. ತಮ್ಮನ ಮನೆ ಚಿಕ್ಕದು. ಹಾಗಂತ ತಮ್ಮ ಹೇಳುತ್ತಾನೆ.

ಕುಂಡ ಎಲ್ಲಿಡುವುದೋ ತಿಳಿಯಲಿಲ್ಲ. ಬಚ್ಚಲುಮನೆಯ ಬಾಗಿಲು ಗಾಳಿಗೆ ಧಡ್ ಎಂದು ಬಡಿಯುತ್ತಿರುತ್ತದೆ. ಅದು ಬಡಿಯದಂತೆ ಕುಂಡವನ್ನು ಒತ್ತು ಕೊಟ್ಟೆ. ಭಾರವಿದೆ, ಚೆನ್ನಾಗಿ ನಿಂತಿತು.

ಡಿಸೆಂಬರ್ 19, ಬೆಳಿಗ್ಗೆ

ಬೇರೆಲ್ಲ ಕೆಲಸ ಬಿಟ್ಟು ಬರೆಯಲು ಕೂತೆ. ಖುಷಿಗೆ.

ಆಯಾ ಬಚ್ಚಲು ತೊಳೆಯುತ್ತಿದ್ದವಳು ಕೂಗಿದಳು. "ಅಮ್ಮಾ, ನಿಮ್ಮ ಕಲ್ಲು ಬಾಯಿ ಬಿಟ್ಟಿದೆ ನೋಡಿ!" ಹೋಗಿ ನೋಡಿದರೆ ಹೌದು. ಒಂದು ಕಲ್ಲು ನಡುವೆ ಸೀಳು ಬಿಟ್ಟಿದೆ. ಸೀಳಿನೊಳಗೆ ಇನ್ನೊಂದು ಪುಟ್ಟ ಕಲ್ಲು, ಎಳೆ ಹಸಿರು. ಮುಟ್ಟಿದೆ. ಮೆತ್ತಗಿತ್ತು. ಕೈ ಹಿಂದಕ್ಕೆಳೆದುಕೊಂಡೆ. ಕಲ್ಲಲ್ಲ, ಗಿಡ! ಜೀವ ಇರುವುದನ್ನು ತಂದು ಬಾಗಿಲಿಗೆ ಒತ್ತು ಕೊಟ್ಟಿದ್ದೇನಲ್ಲ, ಎಂಥ ಪೆದ್ದಿ ನಾನು.

ಅಕ್ಕನ ಮುಂದೆ ಹಿಡಿದೆ. ಅವಳ ಮುಖ ಅರಳಿದ್ದನ್ನು ಎಷ್ಟು ತಿಂಗಳಿಗೆ ನೋಡಿದೆನೋ. ಎಡಗೈ ಚಾಚಿದಳು. ತುಟಿ ಒದ್ದಾಡಿತು. ಕುತ್ತಿಗೆಯ ನರ ಉಬ್ಬಿತು. ಆಮೇಲೆ, ನಿಜವಾಗಿ, ಸ್ಪಷ್ಟವಾಗಿ —

"ನೀರು."

ಮೊದಲು ಅವಳಿಗೇ ಬಾಯಾರಿಕೆ ಅಂದುಕೊಂಡು ಲೋಟ ಬಾಯಿಗಿಟ್ಟೆ. ತಳ್ಳಿದಳು. ಕುಂಡ ತೋರಿಸಿದಳು. ಓಹೋ! ಒಂದು ಲೋಟ ನೀರು ಪೂರ್ತಿ ಕುಂಡಕ್ಕೆ ಸುರಿದೆ. ಅಕ್ಕ ತಲೆಯಾಡಿಸಿದಳು, ಕೈಯಿಂದ ಮಂಚ ಬಡಿದಳು. ಇನ್ನೂ ಬೇಕೇನೋ ಎಂದು ಇನ್ನರ್ಧ ಲೋಟ. ಅಡ್ಡ ತಲೆಯಾಡಿಸಿದ ಹಾಗಿತ್ತು. ಆದರೆ ಅಕ್ಕನಿಗೆ ಮಾತು ಕಲಿಸಲು ಮನೆಗೆ ಬರುತ್ತಿದ್ದ ಮಾತಿನ ಟೀಚರ್ ರಜೆಗೆ ಹೋಗುವ ಮುಂಚೆ ಹೇಳಿದ್ದರು — ಈಗ ಇವರ ಹೂಂ, ಉಹೂಂ ಎರಡೂ ಕಲಸಿಹೋಗಿರುತ್ತೆ, ತಲೆಯಾಡಿಸೋದನ್ನ ನಂಬಬೇಡಿ, ಬಾಯಿಂದ ಬಂದದ್ದನ್ನ ನಂಬಿ ಅಂತ.

ಬಾಯಿಂದ ಬಂತಲ್ಲ! ಅಕ್ಕ ಮಾತಾಡಿದಳು. ಅಷ್ಟು ಸಾಕು ನನಗೆ. ತಬ್ಬಿಕೊಂಡು ಅತ್ತೆ.

ಡಿಸೆಂಬರ್ 21

ತಮ್ಮ ಕೇಕ್ ತಂದ. ಕೂತುಕೊಳ್ಳುವ ಮುಂಚೆಯೇ "ದೊಡ್ಡಕ್ಕಾ, ಹೇಳು ನೋಡೋಣ, ನೀ...?" ಎಂದು ಮಕ್ಕಳನ್ನು ಮಾತಾಡಿಸುವ ಹಾಗೆ ಮುಖ ಮಾಡಿದ. ಕುಂಡ ಎತ್ತಿ ತೋರಿಸಿದೆ. ಅಕ್ಕ "ನೀರು" ಎಂದಳು. ಅವನು ಚಪ್ಪಾಳೆ ತಟ್ಟಿ, ತಾನೇ ಲೋಟ ತಂದು ಸುರಿದ. ಮೂವರೂ ನಕ್ಕೆವು. ಇಲ್ಲ, ಇಬ್ಬರು.

ಜನವರಿ 4

ದಿನಾ ಬೆಳಿಗ್ಗೆ ಇದೇ ಈಗ ನಮ್ಮ ಪಾಠ. ಕಿಟಕಿಯ ಮೇಲೆ ಕುಂಡ. ಅಕ್ಕ "ನೀರು" ಅನ್ನುವುದು, ನಾನು ಹಾಕುವುದು. ಅಲ್ಲಿಂದ ಮುಂದೆ ಒಂದು ಮಾತೂ ಬಂದಿಲ್ಲ. ಬರುವ ಮುಂಚೆ ನಾನೇ ಹೇಳಿಬಿಡುತ್ತೇನೋ ಏನೋ. "ಶಾಲಾ? ಚಳಿನಾ? ಟಾಯ್ಲೆಟ್ಟಾ? ಟೀವಿ ಹಾಕ್ಲಾ?" ಅವಳು ಬಾಯಿ ತೆರೆಯುವಷ್ಟರಲ್ಲಿ ನನ್ನ ಬಾಯಲ್ಲಿ ನಾಲ್ಕು ಮಾತು. ಏನು ಮಾಡಲಿ, ಬಸ್ಸು ಕಾಯುವುದಿಲ್ಲ.

ಒಂದೊಂದು ಸಲ ಕಣ್ಣು ಮುಚ್ಚಿಕೊಂಡುಬಿಡುತ್ತಾಳೆ. ನಿದ್ದೆ ಅಂದುಕೊಂಡು ಹೊದಿಸುತ್ತೇನೆ.

ಜನವರಿ 16, ಅಂಗಡಿ

ಒಬ್ಬ ಹೆಂಗಸಿನ ಕನ್ನಡಕಕ್ಕೆ ಎಡದ ಗಾಜು ಬಲಕ್ಕೆ ಕೂರಿಸಿ ಕಳಿಸಿದೆ. ಇಷ್ಟು ವರ್ಷದಲ್ಲಿ ಹೀಗೆ ಆಗಿರಲಿಲ್ಲ. ಅವರು ತಿರುಗಿ ಬಂದು "ಮೆಟ್ಟಿಲು ಇಳಿಯೋಕೆ ಭಯ ಆಯ್ತು ಕಣ್ರೀ" ಎಂದರು. ಮಾಲೀಕರು ಒಳಗೆ ಕರೆದರು. "ಮನೆ ಕಷ್ಟ ನಂಗೊತ್ತು. ಆದ್ರೆ ಕಣ್ಣಿನ ವಿಷಯ ಇದು." ತಪ್ಪು ನನ್ನದೇ. ತಲೆ ತಗ್ಗಿಸಿ ನಿಂತೆ.

ನಿದ್ದೆ ಬೇಕು. ಬೇರೇನೂ ಬೇಡ.

ಜನವರಿ 28

ಒಂದು ಕಲ್ಲು ಹೋಯಿತು. ಬೆಳಿಗ್ಗೆ ನೋಡಿದರೆ ಒಂದು ಕಡೆ ವಾಲಿತ್ತು. ಎತ್ತಲು ಹೋದರೆ ಬೆರಳ ನಡುವೆ ಲೊಳಕ್ ಎಂದಿತು. ಒಳಗೆಲ್ಲ ಲೋಳೆ, ಕೆಟ್ಟ ವಾಸನೆ. ಅಕ್ಕನಿಗೆ ಗೊತ್ತಾಗಬಾರದೆಂದು ಅದಿದ್ದ ಜಾಗವನ್ನು ಜಲ್ಲಿಯಿಂದ ಮುಚ್ಚಿ, ಕುಂಡ ತಿರುಗಿಸಿ ಇಟ್ಟೆ.

ಫ್ಯಾಕ್ಟರಿಯಲ್ಲಿ ಮೂವತ್ತು ಹೆಂಗಸರ ಕೆಲಸದ ಮೇಲೆ ಕಣ್ಣಿಟ್ಟವಳು ಅವಳು. ಕುಂಡ ನೋಡಿದಳು, ನನ್ನನ್ನು ನೋಡಿದಳು. "ನೀರು" ಎಂದಳು, ಜೋರಾಗಿ. ನೀರು ಸಾಲಲಿಲ್ಲ ಎಂದು ಬೈಯುತ್ತಿದ್ದಾಳೆ ಅನ್ನಿಸಿತು. ಇನ್ನು ಮೇಲೆ ಸಂಜೆಯೂ ಹಾಕಬೇಕು.

ಫೆಬ್ರವರಿ 8

ತಮ್ಮ ಅಡುಗೆಮನೆಯಲ್ಲಿ ನಿಂತು ದನಿ ತಗ್ಗಿಸಿ ಹೇಳಿದ. ಊರಾಚೆ ಒಂದು ಆರೈಕೆ ಮನೆಯಂತೆ. ಸ್ಟ್ರೋಕ್ ಆದವರಿಗೇ. ವ್ಯಾಯಾಮ ಮಾಡಿಸುತ್ತಾರೆ, ಮಾತು ಕಲಿಸುತ್ತಾರೆ. ಮಾರ್ಚ್ ನಡುವಿಗೆ ಒಂದು ಹಾಸಿಗೆ ಖಾಲಿಯಾಗುತ್ತದೆ. ಅಷ್ಟರೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಬಿಟ್ಟರೆ ಮುಂದಿನ ವರ್ಷದ ಮಾತು.

"ನಿನ್ನ ಮುಖ ಕನ್ನಡಿಯಲ್ಲಿ ನೋಡ್ಕೊಂಡಿದ್ಯಾ ಚಿಕ್ಕಕ್ಕಾ? ನೀನೂ ಬಿದ್ರೆ ನಾನು ಯಾರನ್ನ ಅಂತ ನೋಡ್ಲಿ?"

"ಜನ ಏನಂತಾರೋ..."

"ಜನ ಬಂದು ಅವಳ ಬಟ್ಟೆ ಬದಲಾಯಿಸ್ತಾರಾ?"

ನಿಜ. ಅಕ್ಕನನ್ನು ಕಳಿಸಿಬಿಟ್ಟರೆ... ಎಂದು ಒಂದು ಕ್ಷಣ ಯೋಚಿಸಿದೆ. ಮೈಯೆಲ್ಲ ಹಗುರಾಯಿತು. ಹಗುರಾದದ್ದಕ್ಕೆ ನಾಚಿಕೆಯಾಯಿತು. ಈಚೆ ಬಂದರೆ ಟೀವಿ ಆರಿಸಿತ್ತು. ಅಕ್ಕ ರಿಮೋಟನ್ನು ಎಡಗೈಯಲ್ಲಿ ಹಿಡಿದು ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಾಳೆ. ಯಾರೂ ಏನೂ ಕೇಳಲಿಲ್ಲ ಅವಳನ್ನು. ನಾನೂ ಕೇಳಲಿಲ್ಲ. "ಟೀ ಕುಡೀತೀಯಾ? ಕುಡಿ" ಎಂದೆ.

ಫೆಬ್ರವರಿ 14

ಎರಡನೆಯದೂ ಹೋಯಿತು. ಅದೇ ಲೋಳೆ. ಆಯಾಳ ಮೇಲೆ ರೇಗಿದೆ, "ಬಿಸಿಲಿಗೆ ಇಡು ಅಂದ್ರೆ ಇಡಲ್ಲ!" ಅವಳು ಮುಖ ಊದಿಸಿಕೊಂಡಳು. "ನಂಗ್ಯಾಕೆ ಬೈತೀರಾ? ನಾನೂ ದಿನಾ ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಒಂದು ಲೋಟ ಹಾಕ್ತೀನಿ. ದೊಡ್ಡಮ್ಮ ನೀರು ನೀರು ಅಂತಾರಲ್ಲ."

ಅಂದರೆ ಬೆಳಿಗ್ಗೆ ನಾನು, ಮಧ್ಯಾಹ್ನ ಅವಳು, ಸಂಜೆ ನಾನು, ಭಾನುವಾರ ತಮ್ಮ. ಇಷ್ಟು ಹಾಕಿದರೂ ಗಿಡ ಉಳಿಯುತ್ತಿಲ್ಲ. ನಮ್ಮ ಮನೆಯ ನೀರೇ ಸರಿಯಿಲ್ಲವೋ ಏನೋ.

ಉಳಿದದ್ದು ಒಂದು. ಮೊದಲು ಬಾಯಿ ಬಿಟ್ಟದ್ದೇ ಅದು. ಅದೂ ಹೋದರೆ ಅಕ್ಕ "ನೀರು" ಅನ್ನುವುದನ್ನೂ ನಿಲ್ಲಿಸುತ್ತಾಳೆ ಎಂದು ಹೆದರಿಕೆ. ಇರುವುದು ಅದೊಂದೇ ಮಾತು.

ಫೆಬ್ರವರಿ 20, ಸಂಜೆ

ಮಾತಿನ ಟೀಚರ್ ರಜೆ ಮುಗಿಸಿ ಬಂದರು. ಸಣ್ಣ ಹುಡುಗಿ, ನನ್ನ ಅರ್ಧ ವಯಸ್ಸು. ಅಕ್ಕನ ಎದುರು ಕೂತು "ಹೇಗಿದೀರಾ?" ಎಂದು ಕೇಳಿ ಸುಮ್ಮನಾದರು. ಅಕ್ಕ ಒದ್ದಾಡಿದಳು. ನಾನು "ಪರವಾಗಿಲ್ಲ, ರಾತ್ರಿ ಸ್ವಲ್ಪ ಕೆಮ್ಮು..." ಎಂದೆ.

"ನಿಮ್ಮನ್ನ ಕೇಳ್ಲಿಲ್ಲ" ಎಂದರು ಟೀಚರ್.

ನಗುತ್ತಲೇ ಅಂದರು, ಆದರೂ ಕಪಾಳಕ್ಕೆ ಬಿಟ್ಟ ಹಾಗಾಯಿತು. ಮತ್ತೆ ಕೇಳಿದರು. ಮತ್ತೆ ಸುಮ್ಮನೆ. ಎಷ್ಟು ಹೊತ್ತು! ಬೀದಿಯಲ್ಲಿ ಯಾರದೋ ಸ್ಕೂಟರ್ ಸ್ಟಾರ್ಟ್ ಆಗದೆ ಒದ್ದಾಡುತ್ತಿತ್ತು, ಅದೂ ಸ್ಟಾರ್ಟ್ ಆಗಿ ಹೊರಟುಹೋಯಿತು. ನನಗೆ ಮೈ ಮೇಲೆ ಇರುವೆ ಹರಿದ ಹಾಗೆ. ಮೂರು ಸಲ ಬಾಯಿ ತೆರೆದೆ, ಮೂರು ಸಲವೂ ಟೀಚರ್ ಕೈ ಎತ್ತಿದರು. ಕೊನೆಗೆ ಅಕ್ಕ, "ಸು... ಸುಸ್ತು."

ಸುಸ್ತಂತೆ. ಅಕ್ಕನಿಗೆ. ಸುಸ್ತು ನನಗೆ ಮಾತ್ರ ಅಂದುಕೊಂಡಿದ್ದೆ.

ಹೋಗುವಾಗ ಮೆಟ್ಟಿಲ ಬಳಿ ಹೇಳಿದರು. "ಅವ್ರಿಗೆ ಮಾತು ಒಳಗೆ ಇದೆ. ಹೊರಗೆ ಬರೋಕೆ ಹೊತ್ತು ಬೇಕು. ಒಂದು ಮಾತು ಬಂದ ತಕ್ಷಣ ನೀವು ಎದ್ದು ಓಡ್ತೀರಾ. ಎರಡನೇ ಮಾತಿಗೆ ಜಾಗವೇ ಇಲ್ಲ."

"ನಂಗೆ ಸುಮ್ನಿರೋಕೆ ಬರಲ್ಲ ಟೀಚರ್."

"ಬಾಯಿ ಕೇಳಲ್ಲ ಅಂದ್ರೆ ಕೈಗೆ ಕೆಲಸ ಕೊಡಿ. ಹೊಲಿಗೆ, ಬರವಣಿಗೆ, ಏನಾದ್ರೂ. ಅವ್ರ ಮುಂದೆ ಕೂತು ಮಾಡಿ. ಅವ್ರು ಮುಗಿಸೋ ತನಕ ಏಳಬೇಡಿ."

ಹೊಲಿಗೆ ಬರುವುದಿಲ್ಲ. ಇದನ್ನೇ ಬರೆಯುತ್ತೇನೆ.

ಫೆಬ್ರವರಿ 21, ಬೆಳಿಗ್ಗೆ

ಅಕ್ಕನ ಎದುರೇ ಕೂತು ಬರೆಯುತ್ತಿದ್ದೇನೆ. ನಡುವೆ ಕುಂಡ. ಬಸ್ಸು ಹಾಳಾಗಿ ಹೋಗಲಿ.

ಕುಂಡ ನೋಡಿದಳು. ನನ್ನನ್ನು ನೋಡಿದಳು. ತುಂಬಿದ ಲೋಟ ನನ್ನ ಪಕ್ಕದಲ್ಲೇ ಇದೆ, ಅದನ್ನೂ ನೋಡಿದಳು.

"ನೀರು" ಎಂದಳು.

ಏಳಲಿಲ್ಲ. ಬರೆಯುತ್ತಿದ್ದೇನೆ. ಏನು ಬರೆಯಲಿ... ಕಿಟಕಿಗೆ ಧೂಳು ಹಿಡಿದಿದೆ. ಪರದೆ ಒಗೆಯಬೇಕು. ಅಕ್ಕ ಕಾಯುತ್ತಿದ್ದಾಳೆ, ನಾನು ಏಳುತ್ತೇನೆ ಎಂದು. ಏಳದೆ ಇರುವುದು ನೋಡಿ ಹುಬ್ಬೇರಿಸಿದಳು. ಬಾಯಿ ಮತ್ತೆ ತೆರೆದಳು. ಕುತ್ತಿಗೆಯ ನರ ಉಬ್ಬಿದೆ. ತುಟಿ ಕೂಡಿತು, ಬಿಟ್ಟಿತು. ಕೂಡಿತು. ಅಯ್ಯೋ, ಹೇಳಿಬಿಡೇ ಅಕ್ಕಾ. ಪೆನ್ನು ಒತ್ತಿ ಹಿಡಿದಿದ್ದೇನೆ. ಕಾಗದ ಹರಿಯುತ್ತದೋ ಏನೋ

"ಬೇಡ."

ನೀರು ಬೇಡ

ಅದೇ ದಿನ, ಮಧ್ಯಾಹ್ನ

ಅಂಗಡಿ. ದೀಪ ಆರಿಸಿದ ಕೋಣೆ.

ಎರಡು ತಿಂಗಳು. ದಿನಾ ಬೆಳಿಗ್ಗೆ "ನೀರು ಬೇಡ" ಎಂದು ಹೇಳಲು ಹೊರಟಿದ್ದಾಳೆ. ದಿನಾ ಬೆಳಿಗ್ಗೆ ನಾನು ಅರ್ಧ ಕೇಳಿ, ಕುಣಿದಾಡಿ, ಅವಳ ಕಣ್ಣೆದುರೇ ಅವಳ ಗಿಡಕ್ಕೆ ನೀರು ಸುರಿದಿದ್ದೇನೆ. ತಲೆಯಾಡಿಸಿದಳು, ನಂಬಲಿಲ್ಲ. ಮಂಚ ಬಡಿದಳು, ಇನ್ನರ್ಧ ಲೋಟ ಹಾಕಿದೆ. ಚಪ್ಪಾಳೆ ಬೇರೆ ತಟ್ಟಿದೆವು.

ಬೆಳಿಗ್ಗೆ ಅಕ್ಕ ನಕ್ಕಳು. ಅರ್ಧ ಮುಖ ಮಾತ್ರ ನಗುತ್ತದೆ ಈಗ, ಆ ಅರ್ಧದಲ್ಲೇ ಪೂರ್ತಿ ನಕ್ಕಳು. ನಾನು ಅವಳ ಮಡಿಲಿಗೆ ತಲೆ ಹಾಕಿ ಗೋಳೋ ಎಂದು ಅತ್ತೆ. ಎಡಗೈಯಿಂದ ನನ್ನ ತಲೆಗೆ ಒಂದು ಮೊಟಕಿದಳು. ಚಿಕ್ಕಂದಿನಲ್ಲಿ ಲೆಕ್ಕ ತಪ್ಪಿದರೆ ಮೊಟಕುತ್ತಿದ್ದ ಹಾಗೆಯೇ.

ಗಿರಾಕಿ ಕಾಯುತ್ತಿದ್ದಾರೆ. ಕಣ್ಣು ಊದಿದೆ. ಕಣ್ಣು ಪರೀಕ್ಷೆ ಮಾಡುವವಳ ಕಣ್ಣು ಹೀಗಿದ್ದರೆ ಯಾರು ನಂಬುತ್ತಾರೆ.

ಫೆಬ್ರವರಿ 28

ಅಕ್ಕ ಈ ವಾರ ಗಿಡದ ಪಾಠ ಮಾಡಿದಳು. ಒಂದು ದಿನಕ್ಕೆ ಒಂದೋ ಎರಡೋ ಮಾತು.

ಸೋಮವಾರ: "ಒಳಗೆ... ಮರಿ." ಸೀಳಿನೊಳಗಿನ ಎಳೆಯದನ್ನು ತೋರಿಸಿ.

ಬುಧವಾರ: "ಹಳೇದು... ಕುಡಿಸುತ್ತೆ." ಹೊರಗಿನ ಎರಡು ದಪ್ಪ ಎಲೆ ತಮ್ಮೊಳಗಿನ ನೀರನ್ನು ಮರಿಗೆ ಕುಡಿಸಿ, ತಾವು ಒಣಗುತ್ತವಂತೆ. ಮೇಲಿಂದ ನಾವೂ ಸುರಿದರೆ ಎರಡೂ ಕೊಳೆಯುತ್ತವೆ. ಮೊಬೈಲಿನಲ್ಲಿ ಹುಡುಕಿ ನೋಡಿದೆ, ಅಕ್ಕ ಹೇಳಿದ್ದು ಅಕ್ಷರಶಃ ಸರಿ. ಮರಳುಗಾಡಿನ ಗಿಡವಂತೆ. ಯಾರೂ ತಿನ್ನದಿರಲಿ ಎಂದು ಕಲ್ಲಿನ ವೇಷ. ಯಾರೂ ತಿನ್ನಲಿಲ್ಲ, ನಾವು ಮುಳುಗಿಸಿದೆವು.

ಇವತ್ತು: "ಯಾವಾಗ ಹಾಕ್ಬೇಕು ಹಾಗಾದ್ರೆ?" ಎಂದು ಕೇಳಿ ಪೆನ್ನು ಹಿಡಿದು ಕೂತೆ. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು, ಆದರೂ ಏಳಲಿಲ್ಲ. "ಹಳೇದು... ಕಾಗದ... ಆದ್ಮೇಲೆ" ಎಂದಳು. ಹಳೆ ಎಲೆ ಕಾಗದದ ಹಾಗೆ ಒಣಗಿದ ಮೇಲೆ ಹಾಕಬೇಕಂತೆ. ಬೆವರಿದ್ದಳು. ಎಂಥ ಹೆಮ್ಮೆ ಅವಳ ಮುಖದಲ್ಲಿ. ನನಗೂ.

ಆಯಾಳಿಗೆ ಕಟ್ಟುನಿಟ್ಟು ಮಾಡಿದ್ದೇನೆ. "ಒಂದು ಹನಿ ಹಾಕಿದ್ರೆ ನೋಡು!" ಅವಳು "ಬೇಸಿಗೆ ಬರ್ತಿದೆ, ಪಾಪ ಅನ್ಸಲ್ವಾ ನಿಮ್ಗೆ" ಎಂದಳು. ಅನ್ನಿಸುತ್ತದೆ. ಅದೇ ಕಷ್ಟ.

ಮಾರ್ಚ್ 6

ತಮ್ಮನಿಗೆ ಫೋನು ಮಾಡಿ ಹೇಳಿಬಿಟ್ಟೆ. ಅಕ್ಕನನ್ನು ಕಳಿಸುವುದಿಲ್ಲ. ಮಾತು ಬರುತ್ತಿದೆ, ನಾನೇ ನೋಡಿಕೊಳ್ಳುತ್ತೇನೆ. "ನಿನ್ನಿಷ್ಟ" ಎಂದು ಇಟ್ಟ.

ಎಷ್ಟು ಖುಷಿಯಿಂದ ಅಕ್ಕನಿಗೆ ಹೇಳಲು ಹೋದೆ. "ನಿನ್ನನ್ನ ಎಲ್ಲಿಗೂ ಕಳ್ಸಲ್ಲ ಅಂದ್ಬಿಟ್ಟೆ ಕಣೇ. ಇಲ್ಲೇ ಇರ್ತೀಯ. ಸರೀನಾ? ಸರಿ." ಅವಳು ನನ್ನನ್ನು ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿದಳು. ಬ್ರೆಡ್ಡು ಬೇಡ. ಹಾಲು ಬೇಡ. ಬಾಯಿ ಬಿಡಲೇ ಇಲ್ಲ.

ಸಿಟ್ಟು ನೆತ್ತಿಗೇರಿತು. ಕೂಗಾಡಿದೆ. ನಿನಗೋಸ್ಕರ ನನ್ನ ಸೊಂಟ ಹೋಯಿತು, ಕೆಲಸ ಹೋಗುವ ಹಾಗಿದೆ, ಒಂದು ದಿನ ನೆಟ್ಟಗೆ ಮಲಗಿಲ್ಲ, ಇನ್ನೇನು ಮಾಡಲಿ ಎಂದೆ. ಎಲ್ಲ ನಿಜ. ಎಲ್ಲ ಹೇಳಬಾರದಿತ್ತು.

ಮಾರ್ಚ್ 8, ಭಾನುವಾರ

ಪೆನ್ನು ಹಿಡಿದು ಎದುರು ಕೂತಿದ್ದೇನೆ. ಎರಡು ದಿನ ಬೇಕಾಯಿತು, ಇಷ್ಟು ಸಣ್ಣ ಪ್ರಶ್ನೆ ಕೇಳಲು.

"ಅಕ್ಕಾ, ಅಲ್ಲಿಗೆ ಹೋಗ್ತೀಯಾ, ಇಲ್ಲೇ ಇರ್ತೀಯಾ?"

ಅಂಗಡಿಯಲ್ಲಿ ಕೇಳುವ ಹಾಗೆಯೇ ಕೇಳಿದೆ. ಇದಾ, ಅದಾ. ಯಾವುದು ಚೆನ್ನಾಗಿ ಕಾಣುತ್ತದೆ.

ಕಾಯುತ್ತಿದ್ದೇನೆ. ಇಲ್ಲೇ ಅಂತಾಳೆ. ಇನ್ನೇನು ಅಂತಾಳೆ? ಇಲ್ಲೇ ಅಂದರೆ ಇವತ್ತು ಅವಳಿಗಿಷ್ಟವಾದದ್ದೇ ಅಡುಗೆ. ಹೊಸ ಸ್ವೆಟರು. ಕಾಯುತ್ತಿದ್ದೇನೆ. ಕಲ್ಲಿನ ಹಳೆ ಎಲೆ ಸುಕ್ಕುಗಟ್ಟಿದೆ.

"ಹೋಗ್ತೀನಿ."

ತಡವರಿಸಲೂ ಇಲ್ಲ.

"ಯಾಕೆ?" ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದೆ. ಬಾಯಿ ತೆರೆದಳು. ಮುಚ್ಚಿದಳು. ಸ್ವೆಟರಿನ ಗುಂಡಿ ಮುಟ್ಟಿಕೊಂಡಳು, ಬೆಳಿಗ್ಗೆ ನಾನು ಹಾಕಿದ್ದು. ನಾನು ನೆನೆಸಿದ ಬ್ರೆಡ್ಡಿನ ಬಟ್ಟಲು ತೋರಿಸಿದಳು. ನನ್ನನ್ನು ತೋರಿಸಿದಳು.

"ಇಲ್ಲಿ... ಎಲ್ಲಾ... ನೀನೇ."

ಮಾರ್ಚ್ 17

ಬಿಟ್ಟು ಬಂದೆವು. ಆ ಹಾಸಿಗೆ ಇನ್ನೂ ಯಾರಿಗೂ ಹೋಗಿರಲಿಲ್ಲ.

ಬೆಳಿಗ್ಗೆ ಸ್ವೆಟರು ಕೈಗೆ ಕೊಟ್ಟು ದೂರ ಕೂತೆ. ಎಡಗೈ ಒಂದರಲ್ಲೇ ಗುಂಡಿ ಹಾಕಿಕೊಂಡಳು. ತಮ್ಮ ಕೆಳಗೆ ಕಾರಿನ ಹಾರ್ನ್ ಒತ್ತುತ್ತಲೇ ಇದ್ದ. ಆಯಾ "ಕೊಡಿ ದೊಡ್ಡಮ್ಮ" ಎಂದು ಮುಂದೆ ಬಂದಳು, ಅವಳ ಕೈ ಹಿಡಿದು ನಿಲ್ಲಿಸಿದೆ. ಒಂದು ಗುಂಡಿ ಮೇಲಿನ ಕಾಜಕ್ಕೆ ಹೋಗಿ, ಸ್ವೆಟರು ಪೂರ್ತಿ ಒಂದು ಕಡೆ ಎಳೆದಿತ್ತು. ನೋಡಿದೆ. ಸರಿಮಾಡಲಿಲ್ಲ. ಹಾಗೇ ಹೋದಳು, ಮಹಾರಾಣಿ ಥರ.

ಅಲ್ಲಿ ಉದ್ದನೆ ಹಾಲ್, ಕಿಟಕಿಗಳು ದೊಡ್ಡವು. ಪಕ್ಕದ ಮಂಚದವರು ಒಂದು ಚಮಚ ಬಾಯಿಗೆ ತಲುಪಿಸಲು ಒದ್ದಾಡುತ್ತಿದ್ದರು. ಯಾರೂ ಹೋಗಿ ಹಿಡಿಯುತ್ತಿರಲಿಲ್ಲ. ನಾನು ಒಂದು ಹೆಜ್ಜೆ ಮುಂದಿಟ್ಟು ನಿಂತೆ. ಅಕ್ಕ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಳು, ಹೊಸ ಮಷೀನು ನೋಡುವ ಹಾಗೆ.

ಕುಂಡ ಅವಳ ಕಿಟಕಿಯಲ್ಲಿಡಲು ಒಯ್ದಿದ್ದೆ. ತಿರುಗಿ ನನ್ನ ಕೈಗೇ ಇಟ್ಟಳು. "ನಿಂಗೆ" ಎಂದಳು.

ಮಾರ್ಚ್ 18

ಮಲಗಿದೆ. ಎದ್ದಾಗ ಮಧ್ಯಾಹ್ನ. ಮತ್ತೆ ಮಲಗಿದೆ.

ಮಾರ್ಚ್ 25

ಮನೆಯಲ್ಲಿ ಮಾಡಲು ಕೆಲಸವಿಲ್ಲ. ಬಸ್ಸಿಗೆ ಮುಂಚೆಯೇ ಹೋಗಿ ನಿಲ್ಲುತ್ತೇನೆ. ಮಾಲೀಕರು ಈಗ ನನ್ನನ್ನು ನೋಡುತ್ತಾರೆ, ಗಡಿಯಾರವನ್ನಲ್ಲ. ಆಯಾ ಬೇರೆ ಮನೆ ಹಿಡಿದಳು. ಹೋಗುವಾಗ ಅತ್ತಳು, ನಾನೂ ಅತ್ತೆ. ಅಷ್ಟು ಜಗಳ ಆಡುತ್ತಿದ್ದೆವು.

ಸುಖವಾಗಿದೆ. ಹೌದು, ಬರೆದೇಬಿಡುತ್ತೇನೆ, ಸುಖವಾಗಿದೆ. ಬೆನ್ನು ನೆಟ್ಟಗಾಗಿದೆ. ಆದರೆ ಬೆಳಿಗ್ಗೆ ಕೈಗೆ ಏನು ಮಾಡಬೇಕೋ ತಿಳಿಯುವುದಿಲ್ಲ. ಬ್ರೆಡ್ಡು ಹಾಲಿನಲ್ಲಿ ನೆನೆಸಿಬಿಟ್ಟಿದ್ದೆ ಇವತ್ತು. ನಾನೇ ತಿಂದೆ. ಎಂಥ ಸಪ್ಪೆ! ಇದನ್ನು ಇಷ್ಟು ದಿನ ಹೇಗೆ ತಿಂದಳು ಅವಳು.

ಕಲ್ಲು ದಿನೇ ದಿನೇ ಬತ್ತುತ್ತಿದೆ. ಹೊರಗಿನ ಎಲೆಗಳು ಸುಕ್ಕಾಗಿ ಕುಗ್ಗಿವೆ. ನೋಡಲಾಗುವುದಿಲ್ಲ. ಲೋಟ ಹಿಡಿದು ಕಿಟಕಿಯ ತನಕ ಹೋಗಿ ತಿರುಗಿ ಬಂದೆ. ಆ ನೀರನ್ನೂ ನಾನೇ ಕುಡಿದೆ.

ಅಲ್ಲಿಂದ ಫೋನಿಲ್ಲ. ಮೊದಲ ವಾರಗಳಲ್ಲಿ ಮನೆಯವರು ಮಾಡಬಾರದಂತೆ. ಬೇಕಾದರೆ ಅವರೇ ಮಾಡಿಸುತ್ತಾರಂತೆ. ಬೇಕಾಗಿಲ್ಲ ಅಂತ ಕಾಣುತ್ತದೆ ಅವಳಿಗೆ.

ಏಪ್ರಿಲ್ 5, ಭಾನುವಾರ ಸಂಜೆ

ಬೆಳಿಗ್ಗೆ ನೋಡಿದೆ. ಹಳೆಯ ಎಲೆ ಪೂರ್ತಿ ಒಣಗಿ ಸಿಪ್ಪೆಯಾಗಿದೆ. ಬೆರಳು ತಾಗಿದರೆ ಪರಪರ ಎನ್ನುತ್ತದೆ. ನಡುವೆ ಹೊಸದು, ದುಂಡಗೆ, ಗಟ್ಟಿಯಾಗಿ, ಮೇಲೆ ಸಣ್ಣ ಚುಕ್ಕೆಗಳು. ಒಂದು ಹನಿಯೂ ಹಾಕದೆ ಇಷ್ಟು ಚೆನ್ನಾಗಿ! ಅಕ್ಕ ಹೇಳಿದ ಕಾಗದ ಇದೇನೋ, ಇನ್ನೂ ಒಣಗಬೇಕೋ. ಬೆಳಗ್ಗಿನಿಂದ ಲೋಟ ತುಂಬಿಸಿಟ್ಟು ನೋಡುತ್ತ ಕೂತಿದ್ದೇನೆ.

ಫೋನು.

ಅಲ್ಲಿಂದಲೇ. ನರ್ಸ್ ಮಾತಾಡಿದರು — "ನಿಮ್ಮಕ್ಕ ತಾವಾಗೇ ಕೇಳಿ ಮಾಡಿಸ್ತಿದಾರೆ, ಇರಿ." ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟು ಪೆನ್ನು ಹಿಡಿದೆ. "ಅಕ್ಕಾ" ಎಂದಷ್ಟೇ ಅಂದೆ. ಆಮೇಲೆ ಬಾಯಿಗೆ ಬೀಗ. ಊಟ ಆಯ್ತಾ, ನಿದ್ದೆ ಬರುತ್ತಾ, ಗುಂಡಿ ಸರಿ ಹಾಕ್ಕೊಳ್ತೀಯಾ... ಎಲ್ಲ ನಾಲಿಗೆ ತುದಿಯಲ್ಲಿ ಸಾಲು ನಿಂತಿವೆ. ಒಂದನ್ನೂ ಬಿಡಲಿಲ್ಲ. ಆ ಕಡೆ ಫ್ಯಾನ್ ತಿರುಗುವ ಸದ್ದು. ಉಸಿರು. ಯಾರೋ ದೂರದಲ್ಲಿ ಕೆಮ್ಮಿದರು.

"ನೀರು... ಹಾಕಿದ್ಯಾ?"

ಅದೇ ಗಂಟಲು! ಒದ್ದೆ ಕೈಯವರನ್ನು ಹಿಡಿದು ನಿಲ್ಲಿಸುತ್ತಿದ್ದ ಗಂಟಲು. ಪೂರ್ತಿ ಒಂದು ಪ್ರಶ್ನೆ. ಅಳು, ನಗು ಎರಡೂ ಒಟ್ಟಿಗೆ ಬಂತು, ಎರಡನ್ನೂ ನುಂಗಿದೆ.

"ಇಲ್ಲಕ್ಕಾ. ಒಂದು ಹನೀನೂ ಇಲ್ಲ. ಹಳೇದು ಕಾಗದ ಆಗಿದೆ."

ಬರೆಯುತ್ತಿದ್ದೇನೆ. ಲೋಟ ದೂರ ಸರಿಸಿದ್ದೇನೆ. ಉಸಿರೆಳೆದುಕೊಂಡಳು.

"ಈಗ..."

ಇನ್ನೂ ಇದೆ. ಮುಗಿದಿಲ್ಲ ಅವಳದು. ನನಗೆ ಗೊತ್ತು ಏನೆಂದು, ಗೊತ್ತು ಅನ್ನಿಸುತ್ತದೆ, ಆದರೂ ನಾನು ಹೇಳುವುದಿಲ್ಲ. ಅವಳೇ ಹೇಳಲಿ. ಎಷ್ಟು ಹೊತ್ತಾದರೂ ಆಗಲಿ. ತುಟಿ ಕೂಡಿದ ಸದ್ದು ಕೇಳಿಸಿತು, ಇನ್ನೇನು